ತವರಿನ ಸುಣ್ಣ

ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಎನ್ನುತ್ತಾರೆ. ಈಗ ಹೇಳಿದರೆ ಯಾರಿಗೇನು ನಷ್ಟ? ಚನ್ನಪ್ಪ. ರಾಮನಾಥಪುರದಿಂದ ಹೊಳೆಯ ದಂಡೆ ಹಿಡಿದು ಒಂದಿಷ್ಟು ದೂರ ನಡೆದರೆ ಸಿಗುವ ಊರು ನಮ್ಮದು. ಅಲ್ಲಿ ಯಾರನ್ನಾದರೂ ನಿಲ್ಲಿಸಿ ಹೊಗೆಸೊಪ್ಪಿನ ಚನ್ನಪ್ಪನ ಮನೆ ಯಾವುದು ಎಂದು ಕೇಳಿದರೆ, ದಾರಿ ತೋರಿಸುವ ಮೊದಲು ಅವರು ಒಮ್ಮೆ ಉಗುಳಿ ಬಾಯಿ ಖಾಲಿ ಮಾಡಿಕೊಳ್ಳುತ್ತಿದ್ದರು. ಆ ಬಾಯಲ್ಲಿ ಇರುತ್ತಿದ್ದುದೂ ನಮ್ಮ ಹೊಲದ ಸೊಪ್ಪೇ.

ನನ್ನ ಗಂಡನ ಬಾಯಿ ಕೆಟ್ಟದ್ದು ನನ್ನಿಂದ, ನನ್ನ ತವರಿನ ಸುಣ್ಣದಿಂದ ಎಂದು ಊರೆಲ್ಲ ಆಡಿಕೊಂಡಿತು. ಅಲ್ಲ ಎಂದು ಅವರೇ ಒಂದು ಮಾತು ಹೇಳಲಿ ಎಂದು ನಾನು ಕಾದೆ. ಬೇರೆ ಯಾರು ಹೇಳಿದರೂ ನಡೆಯುತ್ತಿರಲಿಲ್ಲ. ಆದರೆ ಆ ಬಾಯಿ ದಿನದಿನಕ್ಕೂ ಮುಚ್ಚಿಕೊಳ್ಳುತ್ತ ಬಂತು. ನಾನು ಹೇಳಹೊರಟಿರುವುದು ಇಷ್ಟೇ.

ನಾನು ನಂಜಮ್ಮ, ದುದ್ದದ ಕಡೆಯವಳು. ನಮ್ಮೂರಿನ ಆಚೆ ಸುಣ್ಣದ ಗೂಡುಗಳಿದ್ದವು. ಕಲ್ಲು ಸುಟ್ಟು ತೆಗೆದ ಸುಣ್ಣ ಅಲ್ಲಿ ಧಾರಾಳವಾಗಿ ಸಿಗುತ್ತಿತ್ತು. ನಮ್ಮ ಮನೆತನದಲ್ಲಿ ಹೆಣ್ಣು ಮಗಳನ್ನು ಗಂಡನ ಮನೆಗೆ ಕಳಿಸುವಾಗ ಮಡಿಲಕ್ಕಿಯ ಜೊತೆ ಒಂದು ಗಂಟು ಸುಟ್ಟ ಸುಣ್ಣವನ್ನೂ ಕೊಡುವುದು ವಾಡಿಕೆ. ಎಲೆ, ಅಡಿಕೆ, ಹೊಗೆಸೊಪ್ಪು ಏನಿದ್ದರೂ ಗಂಡನ ಮನೆಯದು. ಸುಣ್ಣ ಮಾತ್ರ ತವರಿನದು. ಆಮೇಲೆ ವರ್ಷವರ್ಷವೂ ಗೌರಿ ಹಬ್ಬಕ್ಕೆ ಬಾಗಿನ ತರುವ ಅಣ್ಣ ಆ ವರ್ಷದ ಸುಣ್ಣವನ್ನೂ ತರಬೇಕು. ನನ್ನಣ್ಣ ಗಂಗಯ್ಯ ಸೀರೆ ಮರೆತ ವರ್ಷವಿದೆ, ಸುಣ್ಣ ಮರೆತ ವರ್ಷವಿಲ್ಲ.

ಅದನ್ನು ಮಡಕೆಗೆ ಹಾಕಿ ನೀರು ಹೊಯ್ದರೆ ಬುಸುಗುಟ್ಟಿ ಕುದಿಯುತ್ತದೆ, ಅರಳುತ್ತದೆ. ತಣಿದ ಮೇಲೆ ಹಳೇ ಸೀರೆಯಲ್ಲಿ ಸೋಸಿ, ತಿಳಿ ಬಸಿದು, ಒಂದು ಹನಿ ಕೊಬ್ಬರಿ ಎಣ್ಣೆ ಬಿಟ್ಟು ಕೈಯಲ್ಲೇ ಕಲಸಬೇಕು. ಒಂದು ಹರಳೂ ಉಳಿಯಬಾರದು. ಈ ಕೆಲಸ ನನಗೆ ನನ್ನವ್ವ ಕಲಿಸಿದ್ದು. ಅಡುಗೆಯಲ್ಲಿ ನಾನು ಅಷ್ಟಕ್ಕಷ್ಟೇ. ಸುಣ್ಣದಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಅಹಂಕಾರವಿತ್ತು, ಇರಲಿ ಬಿಡಿ, ಬೇರೆ ಏನೂ ಇರಲಿಲ್ಲ.

ಮೊದಲನೇ ಎಲೆಕ್ಷನ್ನು ಬಂದ ವರ್ಷ ನನ್ನ ಮದುವೆಯಾಯಿತು. ಗಂಡನ ಮನೆಯಲ್ಲಿ ಎಲ್ಲಿ ನೋಡಿದರೂ ಹೊಗೆಸೊಪ್ಪು. ಕುಡಿ ಚಿವುಟಿದ ದಿನ ಕೈಗೆ ಹತ್ತಿದ ಅಂಟು ಹುಣಸೆಹಣ್ಣು ಹಾಕಿ ತಿಕ್ಕಿದರೂ ಬಿಡುತ್ತಿರಲಿಲ್ಲ. ಕೊಯ್ದ ಎಲೆಗಳನ್ನು ದಾರಕ್ಕೆ ಪೋಣಿಸಿ ಕೊಟ್ಟಿಗೆಯ ಮಾಡಿನಿಂದ ಇಳಿಬಿಡುತ್ತಿದ್ದೆವು. ಒಣಗಿದ ಮೇಲೆ ಬೆಲ್ಲದ ನೀರು ಚಿಮುಕಿಸಿ, ಒತ್ತಿ, ಕಟ್ಟು ಕಟ್ಟುತ್ತಿದ್ದೆವು. ಚನ್ನರಾಯಪಟ್ಟಣದ ವ್ಯಾಪಾರದವರು ಬಂದು ಒಂದು ಚೂರು ಬಾಯಿಗೆ ಹಾಕಿಕೊಂಡು ತಲೆದೂಗುತ್ತಿದ್ದರು. ನಮ್ಮ ಹೊಲದ ಸೊಪ್ಪು ಎಂದರೆ ಖಾರಕ್ಕೆ ಖಾರ, ಘಮಕ್ಕೆ ಘಮ. ಬಂದ ನೆಂಟರಿಗೆ ನೀರಿಗಿಂತ ಮೊದಲು ಅದೇ.

ಮನೆಯಲ್ಲಿ ಹಾಕದವರಿರಲಿಲ್ಲ. ನಮ್ಮತ್ತೆ ಪುಟ್ಟತಾಯಮ್ಮನವರ ಸೊಂಟದ ಸಂಚಿ ಖಾಲಿಯಾಗಿದ್ದನ್ನು ನಾನು ನೋಡಿಲ್ಲ. ಮೈದುನ ರಂಗಸ್ವಾಮಿ ಮೀಸೆ ಬರುವ ಮೊದಲೇ ಶುರು ಮಾಡಿದವನು. ನಾನೂ ಬಂದ ಹೊಸದರಲ್ಲಿ ಒಂದು ಚೂರು ಹಾಕಿಕೊಂಡು ತಲೆ ಗಿರ್ರೆಂದು ಸುತ್ತಿ ಅಂಗಳದಲ್ಲೇ ಕುಸಿದು ಕೂತೆ. ಅತ್ತೆ ನಕ್ಕು ನಕ್ಕು ಕಣ್ಣು ಒರೆಸಿಕೊಂಡರು.

"ನಿನ್ ಗಂಡ ಎಂಟೊರ್ಸದ ಕೂಸಾಗಿದ್ದಾಗ್ಲೇ ಆಕ್ದೋನು ಕಣಮ್ಮಿ," ಎಂದರು. "ಅಲ್ಲು ನೋವು ಅಂತ ಮೂರೊತ್ತೂ ಒಂದೇ ಸಮ ಅಳ್ತಿದ್ದ. ನಾನೇ ವಸಿ ಸೊಪ್ಪು ಉಜ್ಜಿ ದವಡೇಲಿ ಮಡಗ್ದೆ. ಗಪ್ ಅಂತ ಸುಮ್ಕಾಗ್ಬುಟ್ಟ! ಅವತ್ತಿಂದ ಗಂಡ್ಸಾದ ನನ್ ಮಗ."

ಈ ಕಥೆಯನ್ನು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ಇವರು ಪಕ್ಕದಲ್ಲಿ ಕೂತು ನಗುತ್ತಿದ್ದರು. ನಗುವಾಗ ಎಡಗೆನ್ನೆ ಉಬ್ಬಿಯೇ ಇರುತ್ತಿತ್ತು. ಸೊಪ್ಪನ್ನು ಅಂಗೈಯಲ್ಲಿ ಇಟ್ಟು, ನನ್ನ ಸುಣ್ಣ ಒಂದು ಉಗುರಿನಷ್ಟು ತೆಗೆದು, ಹೆಬ್ಬೆರಳಿನಿಂದ ಉಜ್ಜಿ, ಎಡಗೆನ್ನೆಯ ಸಂದಿಗೆ ಸೇರಿಸಿದರೆ ಮುಗಿಯಿತು. ಉಣ್ಣುವಾಗ ಬಿಟ್ಟರೆ ಅದು ಅಲ್ಲೇ ಇರಬೇಕು. ಮಲಗುವಾಗಲೂ ಇರುತ್ತಿತ್ತು. ಸಿಟ್ಟಿನ ಮನುಷ್ಯರಲ್ಲ. ಮಾತು ಕಡಿಮೆ. ನನ್ನನ್ನು "ನಂಜೂ" ಎಂದು ಕರೆಯುತ್ತಿದ್ದರು, ಅದೂ ಯಾರೂ ಇಲ್ಲದಾಗ.

ಐವತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಅವರು ಕನ್ನಡಿ ಹಿಡಿದು ಅಂಗಳದ ಬಿಸಿಲಿಗೆ ನಿಂತಿದ್ದರು.

"ನೋಡು ವಸಿ. ಕೆನ್ನೆ ಒಳಗೆ ಏನೋ ದೊರಗು ದೊರಗಾಗದೆ," ಎಂದರು.

ನೋಡಿದೆ. ಸೊಪ್ಪು ಇಡುವ ಜಾಗದಲ್ಲೇ ಬೆಳ್ಳಗೆ ಒಂದು ಮಚ್ಚೆ. ಗಂಜಿಯ ಕೆನೆ ಒಣಗಿ ಹತ್ತಿಕೊಂಡ ಹಾಗಿತ್ತು. ಬೆರಳಿಗೆ ಬಟ್ಟೆ ಸುತ್ತಿ ಒರೆಸಿದೆ. ಹೋಗಲಿಲ್ಲ. ನೋವಾ ಎಂದು ಕೇಳಿದೆ. ಏನೂ ಇಲ್ಲ ಎಂದರು. ಅಷ್ಟರಲ್ಲಿ ಅತ್ತೆ ಬಂದು ಮಗನ ಗಲ್ಲ ಹಿಡಿದು ಬಾಯಿ ತೆರೆಸಿ ನೋಡಿದರು.

"ಸುಣ್ಣ ಸುಟ್ಟದೆ ಕಣ್ಲಾ," ಎಂದು ತೀರ್ಪು ಕೊಟ್ಟರು. "ಬೆಳ್ಳಗದೆ ನೋಡು, ಸುಣ್ಣದಂಗೇ ಅದೆ. ಇವ್ಳ ಸುಣ್ಣ ಬಲು ಜೋರು."

ಆಗ ಅದರಲ್ಲಿ ದ್ವೇಷವೇನೂ ಇರಲಿಲ್ಲ. ಸುಣ್ಣ ಬಾಯಿ ಸುಡುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಹೊಸ ಸುಣ್ಣ ಒಂದಿಷ್ಟು ಜಾಸ್ತಿಯಾದರೆ ನಾಲಿಗೆ ಪೊರೆ ಏಳುತ್ತದೆ, ತುಪ್ಪ ಸವರುತ್ತೇವೆ, ಹೋಗುತ್ತದೆ. ನಾನೂ ಹಾಗೇ ಅಂದುಕೊಂಡೆ. ನನ್ನ ಕೈಯಿಂದಲೇ ಹೀಗಾಯಿತಲ್ಲ ಎಂದು ಪೇಚಾಡಿಕೊಂಡೆ. ಮಡಕೆಯ ಸುಣ್ಣಕ್ಕೆ ಮತ್ತೆ ಮತ್ತೆ ನೀರು ಹೊಯ್ದು, ತಿಳಿ ಬಸಿದು, ಖಾರ ಇಳಿಸಿದೆ. ಸುಣ್ಣ ಎಷ್ಟು ಸಪ್ಪೆಯಾಯಿತೆಂದರೆ ಎಲೆ ಹಾಕಿದರೆ ಬಾಯಿ ಕೆಂಪಾಗುತ್ತಿರಲಿಲ್ಲ. ಮಚ್ಚೆ ಮಾತ್ರ ಇದ್ದಲ್ಲೇ ಇತ್ತು.

ಮಾರನೇ ವರ್ಷ ಬಿಳಿಯ ನಡುವೆ ಕೆಂಪು ಕಾಣಿಸಿತು. ನೋವು ಆಗಲೂ ಇಲ್ಲ. ಮೆಣಸಿನಕಾಯಿ ಸೋಕಿದರೆ ಉರಿ, ಅಷ್ಟೇ. ಉರಿ ಬಂದಾಗ ಸೊಪ್ಪು ಇಟ್ಟುಕೊಳ್ಳುತ್ತಿದ್ದರು. ಜೋಮು ಹಿಡಿದು ಉರಿ ಅಡಗುತ್ತಿತ್ತು. "ಸೊಪ್ಪು ಇಟ್ರೆ ತಣ್ಗಾಯ್ತದೆ" ಎಂದು ಅವರು ಹೇಳಿದರೆ, "ಮತ್ತೇನು, ನಮ್ ವಲದ ಸೊಪ್ಪು ಔಸ್ತಿ ಕಣ್ಲಾ" ಎಂದು ಅತ್ತೆ ಅನ್ನುತ್ತಿದ್ದರು. ಹೀಗೆ ಸೊಪ್ಪು ಔಷಧಿಯಾಯಿತು, ಸುಣ್ಣ ವಿಷವಾಯಿತು. ಯಾರೂ ಕೂತು ಯೋಚಿಸಿ ಹೀಗೆ ಮಾಡಲಿಲ್ಲ. ಸೊಪ್ಪು ಆ ಮನೆಯದು. ಸುಣ್ಣ ಹೊರಗಿನಿಂದ ಬಂದದ್ದು. ನಾನು ಬಂದ ಹಾಗೆ.

ಆ ವರ್ಷ ಗೌರಿ ಹಬ್ಬಕ್ಕೆ ಗಂಗಯ್ಯಣ್ಣ ಬಂದ. ಒಂದು ಕೈಯಲ್ಲಿ ಬಾಗಿನದ ಮೊರ, ಇನ್ನೊಂದು ಕೈಯಲ್ಲಿ ಸುಣ್ಣದ ಗಂಟು. ಜಗಲಿ ಹತ್ತುವ ಮೊದಲೇ ಅತ್ತೆ ಗಂಟನ್ನು ಅವನ ಕೈಯಿಂದ ತೆಗೆದುಕೊಂಡರು. ಒಳಗೆ ಇಡುತ್ತಾರೆ ಎಂದುಕೊಂಡು ಅಣ್ಣ ನಕ್ಕ. ಅವರು ಹಿತ್ತಲಿಗೆ ಹೋಗಿ ತಿಪ್ಪೆಯ ಮೇಲೆ ಸುರಿದು, ಬರಿಯ ಬಟ್ಟೆಯನ್ನು ತಂದು ಅವನ ಮುಂದೆ ಇಟ್ಟರು.

"ನಿಮ್ ಸುಣ್ಣ ನನ್ ಮಗನ ಬಾಯ್ ತಿಂದದೆ ಕಣಪ್ಪ. ಇನ್ ತರ್ಬ್ಯಾಡ," ಎಂದರು.

ಅಣ್ಣ ಜಗಲಿಯಲ್ಲಿ ಕೂತಿದ್ದ ಭಾವನ ಕಡೆ ನೋಡಿದ. ಇವರು ಎಡಗೆನ್ನೆಗೆ ಕೈ ಕೊಟ್ಟುಕೊಂಡು ನೆಲ ನೋಡುತ್ತಿದ್ದರು. ಅಣ್ಣ ನೀರನ್ನೂ ಕುಡಿಯಲಿಲ್ಲ. ಬಟ್ಟೆ ಮಡಚಿ ಹೆಗಲಿಗೆ ಹಾಕಿಕೊಂಡು ಹೊರಟ. ನಾನು ಬಾಗಿಲಲ್ಲಿ ನಿಂತೇ ಇದ್ದೆ. ತಿಪ್ಪೆಯ ಮೇಲೆ ಹಿಂದಿನ ದಿನದ ಮಳೆ ನೀರು ನಿಂತಿತ್ತೋ ಏನೋ, ಸುಣ್ಣ ಬುಸುಗುಟ್ಟುವ ಸದ್ದು ಮನೆಯೊಳಗೂ ಕೇಳಿಸುತ್ತಿತ್ತು. ಆಮೇಲೆ ನನ್ನನ್ನು ತವರಿಗೆ ಕಳಿಸಲಿಲ್ಲ. ತವರಿನಿಂದಲೂ ಯಾರೂ ಬರಲಿಲ್ಲ.

ಇವರು ಸುಣ್ಣ ಬಿಟ್ಟರು. ಹೊಳೆನರಸೀಪುರದ ಸಂತೆಯಿಂದ ರಂಗಸ್ವಾಮಿ ತಂದ ಚಿಪ್ಪಿನ ಸುಣ್ಣವನ್ನೂ ಮುಟ್ಟಲಿಲ್ಲ. ಬರೀ ಸೊಪ್ಪು. ಸುಣ್ಣವಿಲ್ಲದ ಸೊಪ್ಪಿಗೆ ಅಮಲು ಕಡಿಮೆ, ಆದ್ದರಿಂದ ಒಂದರ ಜಾಗಕ್ಕೆ ಎರಡು ಚೂರು. ಚನ್ನಪ್ಪ ಸುಣ್ಣ ಬಿಟ್ಟನಂತೆ, ಎಂಥ ಗಟ್ಟಿ ಮನಸ್ಸು ಎಂದು ಊರಿನವರು ಹೊಗಳಿದರು. ಹೊಗಳುವವರ ಕೆನ್ನೆಯೂ ಉಬ್ಬಿಯೇ ಇತ್ತು.

ಆಮೇಲಿನದು ಬೇಗ ಬೇಗ ಆಯಿತು. ಎಡಗಡೆಯ ದವಡೆ ಹಲ್ಲುಗಳು ಅಲ್ಲಾಡಿದವು. ಒಂದನ್ನು ಅವರೇ ಬೆರಳಿನಿಂದ ಕಿತ್ತರು, ಹುಣಸೆಹಣ್ಣಿನಿಂದ ಬೀಜ ತೆಗೆದ ಹಾಗೆ ಬಂತು. ಮುದ್ದೆ ಮುರಿದು ನುಂಗುವುದು ಕಷ್ಟವಾಯಿತು. ನಿಂಬೆಹಣ್ಣಿನ ಗಾತ್ರದ ತುತ್ತು ಹೋಗುತ್ತಿದ್ದ ಬಾಯಿಗೆ ಅಡಿಕೆಯ ಗಾತ್ರದ್ದು ಮಾಡಿ ಕೊಡತೊಡಗಿದೆ. ನಂತರ ಅದೂ ಆಗದೆ ಅಂಬಲಿ. ವಾಸನೆ ಶುರುವಾಯಿತು. ನಮ್ಮ ಮಗಳು ಶಾಂತಕುಮಾರಿ ಅಪ್ಪನ ಮಗ್ಗುಲಲ್ಲೇ ಮಲಗುತ್ತಿದ್ದವಳು, ಹಾಸಿಗೆಯನ್ನು ಎಳೆದುಕೊಂಡು ಅಡುಗೆಮನೆಗೆ ಹೋದಳು. ಅವರು ಅದನ್ನು ನೋಡಿದರು. ಅವತ್ತಿನಿಂದ ಮಗಳು ಬಂದರೆ ತಾವೇ ಟವಲ್ಲಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಕುತ್ತಿಗೆಯಲ್ಲಿ ಗಂಟು ಕಾಣಿಸಿದ ಮೇಲೆ ಹಾಸನಕ್ಕೆ ಹೋದೆವು. ನಾವಿಬ್ಬರು, ಜೊತೆಗೆ ರಂಗಸ್ವಾಮಿ. ಅರಕಲಗೂಡಿನಲ್ಲಿ ಬಸ್ಸು ಬದಲಾಯಿಸಬೇಕಿತ್ತು. ದಾರಿಯುದ್ದಕ್ಕೂ ಅವರ ಬಾಯಿಯಿಂದ ಜೊಲ್ಲು ಸೋರುತ್ತಿತ್ತು. ನಮ್ಮ ಸೀಟಿನ ಹಿಂದೆ ಕೂತಿದ್ದವರು ಎದ್ದು ಹೋಗಿ ನಿಂತುಕೊಂಡರು.

ಡಾಕ್ಟರು ವಯಸ್ಸಾದವರು. ಬ್ಯಾಟರಿ ಬಿಟ್ಟು ನೋಡಿದರು. ಬಾಯಿ ಪೂರ್ತಿ ತೆರೆಯಲಾಗದೆ ಇವರ ಕಣ್ಣಲ್ಲಿ ನೀರು ಬಂತು. ಕುತ್ತಿಗೆ ಒತ್ತಿ ನೋಡಿ, ಕೈ ತೊಳೆದುಕೊಂಡು ಬಂದು ಕೂತು, "ಎಷ್ಟು ವರ್ಷದಿಂದ ಹೊಗೆಸೊಪ್ಪು ಹಾಕ್ತೀರಿ?" ಎಂದರು.

"ಚಿಕ್ಕುಡ್ಗ ಆಗಿದ್ದಾಗ್ಲಿಂದ ಸಾ," ಎಂದ ರಂಗಸ್ವಾಮಿ.

"ಇದೇ ಕೆನ್ನೆಗೆ?"

ಇವರು ತಲೆಯಾಡಿಸಿದರು.

"ಇದು ಕ್ಯಾನ್ಸರು," ಎಂದರು ಡಾಕ್ಟರು. "ಹೊಗೆಸೊಪ್ಪಿನಿಂದ ಬಂದಿರೋದು. ಬಿಳಿ ಮಚ್ಚೆ ಕಾಣಿಸಿದಾಗಲೇ ಸೊಪ್ಪು ಬಿಟ್ಟು ಬಂದಿದ್ದರೆ ಬೇರೆ ಮಾತು. ಬೆಂಗಳೂರಿಗೆ ಬರೆದುಕೊಡ್ತೀನಿ. ಆದರೆ ತುಂಬಾ ತಡವಾಗಿದೆ."

ನನಗೆ ಆ ದೊಡ್ಡ ಮಾತು ಕಿವಿಗೆ ಬಿದ್ದರೂ ಒಳಗೆ ಇಳಿಯಲಿಲ್ಲ. ನಾನು ಬೇರೆಯದೇ ಕೇಳಿದೆ.

"ಸುಣ್ಣದಿಂದ ಅಲ್ವಾ ಸಾ? ಸುಣ್ಣ ಸುಟ್ಟು ಇಂಗಾಗದೆ ಅಂತಾರೆ."

ಡಾಕ್ಟರು ನನ್ನ ಕಡೆ ತಿರುಗಿದರು. "ಸುಣ್ಣ ಸುಟ್ಟದ್ದು ನಾಲ್ಕು ದಿನಕ್ಕೆ ಮಾಯುತ್ತಮ್ಮ. ಸುಣ್ಣ ಒಳ್ಳೇದು ಅಂತ ನಾನು ಹೇಳಲ್ಲ, ಅದೂ ಬಾಯಿ ಕೆರೆಯುತ್ತೆ. ಆದರೆ ಈ ರೋಗ ತಂದದ್ದು ಸೊಪ್ಪು. ಎಷ್ಟೋ ಜನ ನೋವಿಲ್ಲ ಅಂತಲೇ ಸುಮ್ಮನಿರ್ತಾರೆ. ನೋವು ಬರೋ ಹೊತ್ತಿಗೆ ಹೀಗಾಗಿರುತ್ತೆ."

ನನಗೆ ಹಗುರವಾಯಿತು. ಗಂಡ ಸಾಯುತ್ತಾನೆ ಎಂದು ಹೇಳಿದ ಕೋಣೆಯಲ್ಲೇ ನನಗೆ ಹಗುರವಾಯಿತು. ಅದಕ್ಕೆ ಏನನ್ನಬೇಕೋ ನನಗೆ ಗೊತ್ತಿಲ್ಲ. ಇವರ ಕಡೆ ತಿರುಗಿದೆ. ಅವರೂ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಕೇಳಿಸಿತ್ತು, ಅರ್ಥವಾಗಿತ್ತು.

ವಾಪಸ್ಸು ಬರುವ ಬಸ್ಸಿನಲ್ಲಿ ಇವರು ಕಿಟಕಿಗೆ ತಲೆ ಕೊಟ್ಟು ಕಣ್ಣು ಮುಚ್ಚಿದ್ದರು. ರಂಗಸ್ವಾಮಿ ನನ್ನ ಕಡೆ ಬಾಗಿ ಹೇಳಿದ.

"ಅತ್ತಿಗೆ, ಡಾಕ್ಟ್ರು ಸೊಪ್ಪು ಅಂದದ್ದ ಅವ್ವನ್ ಕುಟೆ ಯೇಳ್ಬ್ಯಾಡಿ. ಊರಲ್ಲೂ ಬ್ಯಾಡ. ವಲದಲ್ಲಿ ಸೊಪ್ಪು ನಿಂತದೆ. ಚನ್ನಪ್ಪನ ಬಾಯ್ನ ಚನ್ನಪ್ಪನ ಸೊಪ್ಪೇ ತಿಂತಂತೆ ಅಂತ ಸುದ್ದಿ ಆದ್ರೆ ಯಾರ್ ಮುಟ್ತಾರೆ?"

"ಮತ್ತೆ ಏನಂತ ಯೇಳದು?"

"ಅದೇ. ಸುಣ್ಣ ಅಂತ. ಎಂಗೂ ಎಲ್ರೂ ಅಂಗೇ ಅಂದ್ಕಂಡವ್ರಲ್ಲ."

ಅವನು ಕೆಟ್ಟವನಲ್ಲ. ಅವನಿಗೆ ಅದು ಅಷ್ಟು ಸಹಜವಾಗಿ ಕಂಡಿತು. ಹೇಗೂ ನನ್ನ ತಲೆಯ ಮೇಲೆ ಇರುವ ಬುಟ್ಟಿ, ಅಲ್ಲೇ ಇರಲಿ ಎಂದ. ಇವರು ನಿದ್ದೆ ಮಾಡಿರಲಿಲ್ಲ ಎಂದು ನನಗೆ ಗೊತ್ತಿತ್ತು. ರೆಪ್ಪೆ ಅದುರುತ್ತಿತ್ತು. ಮನೆಗೆ ಹೋದ ಮೇಲೆ ಅವರೇ ಹೇಳುತ್ತಾರೆ ಎಂದುಕೊಂಡೆ. ಮಾತು ಇನ್ನೂ ಬರುತ್ತಿತ್ತು. ತೊದಲಾಗಿ, ಉಗುಳಿನ ಜೊತೆ, ಆದರೂ ಬರುತ್ತಿತ್ತು.

ಮನೆ ಬಾಗಿಲಲ್ಲೇ ಅತ್ತೆ ಕಾದಿದ್ದರು. "ಏನಂದ್ರುಲಾ ಡಾಕ್ಟ್ರು?"

"ಸುಣ್ಣದ ಉಣ್ಣು ಕೆಟ್ಟೋಗದಂತೆ ಕಣವ್ವ," ಎಂದ ರಂಗಸ್ವಾಮಿ.

ಅತ್ತೆ ನನ್ನನ್ನು ನೋಡಿದರು. ನಾನು ಇವರನ್ನು ನೋಡಿದೆ. ಇವರು ಚಪ್ಪಲಿ ಬಿಟ್ಟು, ಯಾರನ್ನೂ ನೋಡದೆ, ಮನೆ ದಾಟಿ ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕೂತರು. ಅತ್ತೆ ಅಂಬಲಿ ತೆಗೆದುಕೊಂಡು ಅವರ ಹಿಂದೆ ಹೋದರು. ನಾನು ಕೊಟ್ಟಿಗೆಗೆ ಹೋದೆ. ಹಾಲು ಕರೆದು ಬರುವ ಹೊತ್ತಿಗೆ ಅತ್ತೆ ತೊಟ್ಟಿಯ ಹತ್ತಿರ ನಿಂತು ಮುಖ ತೊಳೆಯುತ್ತಿದ್ದರು. ತೊಳೆದ ಮುಖವನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದರು. ನಾನು ಚೆಂಬು ಹಿಡಿದು ಪಕ್ಕದಲ್ಲೇ ಹಾದು ಒಳಗೆ ಹೋದೆ.

ಅವತ್ತಿನಿಂದ ಅತ್ತೆಯ ಬಾಯಿ ಇನ್ನೂ ಜೋರಾಯಿತು. ಹೊಳೆಗೆ ಹೋದರೆ ಅದೇ ಮಾತು, ಹೊಲಕ್ಕೆ ಹೋದರೆ ಅದೇ ಮಾತು. ನಮ್ಮಲ್ಲಿ ಕೆಲಸಕ್ಕಿದ್ದ ಸಣ್ಣಯ್ಯನ ಹೆಂಡತಿ ಮುದ್ದಮ್ಮನನ್ನು ನಿಲ್ಲಿಸಿಕೊಂಡು, "ಸುಣ್ಣ ಕೊಟ್ಟು ಕೊಂದ್ಬುಟ್ಳು ಕಣೆ ನನ್ ಮಗನ" ಎಂದು ಎದೆ ಬಡಿದುಕೊಂಡರು. ಮುದ್ದಮ್ಮ ನನ್ನ ಕಡೆ ನೋಡಿ, ತಲೆ ತಗ್ಗಿಸಿ, ಎಲೆ ಪೋಣಿಸುವುದನ್ನು ಮುಂದುವರಿಸಿದಳು.

ನಾನೇ ಕೂಗಿ ಹೇಳಬಹುದಿತ್ತು. ನನ್ನ ನಾಲಿಗೆ ಮೊಂಡಾದದ್ದೇನಲ್ಲ. ಆದರೆ ಸುಣ್ಣದವಳು ಸುಣ್ಣ ಅಲ್ಲ ಎಂದರೆ ಯಾರು ನಂಬುತ್ತಾರೆ? ರಂಗಸ್ವಾಮಿ ಇಲ್ಲ ಎಂದು ಸಾಧಿಸುತ್ತಿದ್ದ. ಇವರೇ ಹೇಳಬೇಕಿತ್ತು. ಒಂದು ದಿನ ಕಾಲು ಒತ್ತುತ್ತ ಕೇಳಿಯೇ ಬಿಟ್ಟೆ.

"ಅವ್ವಂಗೆ ಒಂದ್ ಮಾತು ಯೇಳಿ. ಸುಣ್ಣ ಅಲ್ಲ ಅಂತ. ಅಷ್ಟು ಸಾಕು ನಂಗೆ."

ಅವರು ನನ್ನ ಕೈಯನ್ನು ಹಿಡಿದುಕೊಂಡರು. ಏನೋ ಹೇಳಲು ಹೊರಟರು. ಗಂಟಲಿನಿಂದ ಸದ್ದು ಬಂತು, ಆ ವೇಳೆಗೆ ಅವರ ಮಾತು ನಿಂತೇ ಹೋಗಿತ್ತು. ಬಾಗಿಲ ಕಡೆ, ಅತ್ತೆ ಕೂರುವ ಕಡೆ ಕೈ ತೋರಿಸಿದರು. ಕರೆಯಲೇ ಎಂದೆ. ಬೇಡ ಎಂದು ತಲೆಯಾಡಿಸಿದರು. ಮತ್ತೆ ಅತ್ತ ಕೈ ತೋರಿಸಿದರು. ಕರೆಯುವುದೂ ಬೇಡ, ಕೈ ತೋರಿಸುವುದೂ ಬಿಡುವುದಿಲ್ಲ. ನಾನು ಕೈ ಬಿಡಿಸಿಕೊಂಡು ಎದ್ದೆ. ಹೆದರುಪುಕ್ಕಲ ಎಂದು ಮನಸ್ಸಿನಲ್ಲೇ ಬೈದೆ. ಅದೇ ಕೊನೆ, ಆಮೇಲೆ ನಾನು ಕೇಳಲಿಲ್ಲ.

ಬೆಂಗಳೂರಿಗೆ ಹೋಗಲಿಲ್ಲ. ಬೇಡ ಎಂದು ಅವರೇ ಕೈಯಾಡಿಸಿದರು. ಕೊನೆಕೊನೆಗೆ ಚಮಚೆಯ ತುದಿ ಮಾತ್ರ ಹಲ್ಲಿನ ಸಂದಿಯಲ್ಲಿ ಹೋಗುತ್ತಿತ್ತು. ಕೆನ್ನೆ ಹೊರಗಿನಿಂದ ತೂತಾಯಿತು. ಆಗ ನೋವು ಬಂತು. ಅಷ್ಟು ವರ್ಷ ಬಾರದಿದ್ದ ನೋವೆಲ್ಲ ಒಟ್ಟಿಗೆ ಬಂತು. ನರಳಾಟ ಕೇಳಲಾಗದೆ ಅತ್ತೆ ಸಂಚಿಯಿಂದ ಸೊಪ್ಪು ತೆಗೆದು, ನುಣ್ಣಗೆ ಉಜ್ಜಿ, ಬಲಗಡೆಯ ತುಟಿಯ ಸಂದಿಯಲ್ಲಿ ಇಡುತ್ತಿದ್ದರು. ಇವರ ನರಳಾಟ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ನಾನು ಕಂಬಕ್ಕೆ ಒರಗಿ ನೋಡುತ್ತಿದ್ದೆ. ಪಾಪ, ಮುದುಕಿಗೆ ಗೊತ್ತಿಲ್ಲ ಎಂದುಕೊಳ್ಳುತ್ತಿದ್ದೆ. ತಡೆಯಬೇಕು ಎಂದೂ ಅನ್ನಿಸಲಿಲ್ಲ. ಇನ್ನು ತಡೆದು ಏನಾಗಬೇಕಿತ್ತು? ಅಳುವೂ ಇಲ್ಲ, ಸಿಟ್ಟೂ ಇಲ್ಲ. ಅಂಬಲಿ ಕಾಯಿಸುವುದು, ಬಟ್ಟೆ ಒಗೆಯುವುದು, ಎಲೆ ಪೋಣಿಸುವುದು. ಕೈಗಳು ತಮ್ಮಷ್ಟಕ್ಕೆ ತಾವೇ ಮಾಡುತ್ತಿದ್ದವು.

ಅರವತ್ತೊಂದರಲ್ಲಿ, ಸೊಪ್ಪಿನ ಕಟ್ಟುಗಳನ್ನು ಗಾಡಿಗೆ ಹೇರುತ್ತಿದ್ದ ಹಗಲು, ಅವರು ಹೋದರು. ಗಾಡಿಯನ್ನು ಅಲ್ಲೇ ನಿಲ್ಲಿಸಿದರು. ನಾನು ಎಲ್ಲರೂ ಅಳುವಾಗ ಬಾಯಿ ತೆರೆದೆ. ಸದ್ದು ಬರಲಿಲ್ಲ. ಕಲ್ಲು ಹೆಂಗಸು ಎಂದು ಯಾರೋ ಅಂದದ್ದು ಕೇಳಿಸಿತು. ಅದೂ ಏನೂ ಅನ್ನಿಸಲಿಲ್ಲ.

ತಿಥಿಗೆ ತವರಿನವರಿಗೆ ಹೇಳಿ ಕಳಿಸಲೇಬೇಕಲ್ಲ. ಸಣ್ಣಯ್ಯ ದುದ್ದದ ಕಡೆಗೆ ಹೊರಟಾಗ ನಾನು ಅವನನ್ನು ಹಿತ್ತಲ ಬಾಗಿಲಿಗೆ ಕರೆದು, "ನಮ್ಮಣ್ಣಂಗೆ ಯೇಳು, ಬರೋವಾಗ ವಸಿ ಸುಣ್ಣ ತರ್ಲಿ ಅಂತ" ಎಂದೆ. ಸಣ್ಣಯ್ಯ ನನ್ನ ಮುಖ ನೋಡಿದ. "ಆಗ್ಲಿ ಕಣವ್ವ" ಎಂದು ಹೋದ.

ಅಣ್ಣ ಬಂದ. ನನಗೆ ಬಿಳಿ ಸೀರೆ ತಂದಿದ್ದ. ಅದರ ಮಡಿಕೆಯಲ್ಲಿ ಸುಣ್ಣದ ಗಂಟು ಇತ್ತು. ನಾನು ಹಿತ್ತಲಲ್ಲಿ ಕೂತು ನೀರು ಹೊಯ್ದು ಅರಳಿಸಿದೆ, ಸೋಸಿದೆ, ಎಣ್ಣೆ ಬಿಟ್ಟು ಕಲಸಿದೆ. ಇವರ ಹಿತ್ತಾಳೆಯ ಸುಣ್ಣದ ಡಬ್ಬಿ ಮಾಡಿನ ಸಂದಿಯಲ್ಲಿ ಹಾಗೇ ಇತ್ತು. ತೊಳೆದು ತುಂಬಿದೆ.

ನಮ್ಮಲ್ಲಿ ಸತ್ತವರ ಎಡೆಗೆ ಅವರು ಇಷ್ಟಪಟ್ಟದ್ದೆಲ್ಲ ಇಡಬೇಕು. ಬಾಳೆಎಲೆಯ ಮೇಲೆ ಮುದ್ದೆ, ಬಾಡಿನ ಸಾರು, ವಡೆ, ಕಜ್ಜಾಯ. ಎರಡು ವರ್ಷದಿಂದ ಅವರ ಬಾಯಿಗೆ ಹೋಗದಿದ್ದದ್ದೆಲ್ಲ ಅಲ್ಲಿತ್ತು. ಪಕ್ಕದ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಆ ವರ್ಷದ ಬೆಳೆಯಲ್ಲೇ ಆರಿಸಿ ತೆಗೆದ ಒಂದು ಕಟ್ಟು ಹೊಗೆಸೊಪ್ಪು. ರಂಗಸ್ವಾಮಿ ಸಂತೆಯ ಸುಣ್ಣವನ್ನು ಎಲೆಯ ಮೇಲೆ ಸವರಲು ಹೋದ.

"ಸುಣ್ಣ ಮಡಗ್ಬ್ಯಾಡ," ಎಂದರು ಅತ್ತೆ, ಗೋಡೆಗೆ ಒರಗಿ ಕೂತಲ್ಲಿಂದ. "ಅದ್ರಿಂದ್ಲೇ ಓದ ನನ್ ಮಗ. ಸೊಪ್ಪು ಮಡಗಿ, ಅವಂಗೆ ಪ್ರಾಣ ಅದು."

ನೆಂಟರೆಲ್ಲ ನನ್ನ ಕಡೆ ತಿರುಗಿದರು. ಅಣ್ಣ ಬಾಗಿಲಲ್ಲಿ ನಿಂತಿದ್ದ. ನಾನು ಎದ್ದೆ. ತಟ್ಟೆಯಿಂದ ಸೊಪ್ಪಿನ ಕಟ್ಟನ್ನು ತೆಗೆದು ನೆಲಕ್ಕೆ ಹಾಕಿದೆ. ಅದಿದ್ದ ಜಾಗದಲ್ಲಿ ಹಿತ್ತಾಳೆಯ ಡಬ್ಬಿ ಇಟ್ಟೆ.

"ಅತ್ತಿಗೆ!" ಎಂದ ರಂಗಸ್ವಾಮಿ.

"ಹಾಸನದ ಡಾಕ್ಟ್ರು ಅಂದದ್ದು ಸೊಪ್ಪು," ಎಂದೆ. ದನಿ ಎತ್ತರಿಸಲಿಲ್ಲ. "ಸೊಪ್ಪಿಂದ ಬಂದದ್ದು ಅಂದ್ರು. ಸುಣ್ಣ ಸುಟ್ರೆ ನಾಕ್ ದಿನಕ್ಕೆ ಮಾಯ್ತದೆ ಅಂದ್ರು. ಇವ್ನೂ ಅಲ್ಲೇ ಇದ್ದ, ಕೇಳಿ."

ಯಾರೂ ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ, ರಂಗಸ್ವಾಮಿಯ ತಲೆ ಅಷ್ಟು ತಗ್ಗಿತ್ತು. ಈಗ ಅತ್ತೆ ಕೂಗುತ್ತಾರೆ, ಕೂದಲು ಬಿಚ್ಚಿಕೊಂಡು ಮಣ್ಣು ತೂರುತ್ತಾರೆ ಎಂದು ನಾನು ಕಾದೆ. ಅವರು ಕೂಗಲಿಲ್ಲ.

"ಎಲ್ರೂ ವಸಿ ಆಚೆ ಓಗ್ರಪ್ಪ," ಎಂದರು.

ಎಲ್ಲರೂ ಹೋದರು. ಅಣ್ಣನೂ ಹೋದ. ಎಡೆಯ ಮುಂದೆ ನಾವಿಬ್ಬರೇ ಉಳಿದೆವು. ದೀಪ ಉರಿಯುತ್ತಿತ್ತು. ಹಗಲಿನಲ್ಲಿ ಅದರ ಬೆಳಕು ಕಾಣುತ್ತಲೂ ಇರಲಿಲ್ಲ.

"ನಂಗೊತ್ತಿತ್ತು ಕಣಮ್ಮಿ," ಎಂದರು ಅತ್ತೆ.

ನನಗೆ ಅರ್ಥವಾಗಲಿಲ್ಲ.

"ಹಾಸನದಿಂದ ಬಂದಿದ್ ದಿನ್ವೇ ಯೇಳ್ದ. ಹಿತ್ಲಲ್ಲಿ. 'ಸುಣ್ಣ ಅಲ್ಲ ಕಣವ್ವ, ಸೊಪ್ಪು. ನಂಜೂನ ಬಯ್ಬ್ಯಾಡ' ಅಂದ. ಉಗುಳ್ಕಂಡು ಉಗುಳ್ಕಂಡು ಯೇಳ್ದ ನನ್ ಕಂದ."

ಕಾಲು ಒತ್ತುವಾಗ ಇವರು ಬಾಗಿಲ ಕಡೆ ಕೈ ತೋರಿಸಿದ್ದು. ಕರೆಯಬೇಡ ಎಂದದ್ದು. ಅವರು ಹೇಳಿಯಾಗಿತ್ತು. ಹೇಳಿದ್ದೇನೆ ಎಂದು ನನಗೆ ತಿಳಿಸಲು ಅವರಲ್ಲಿ ಮಾತು ಉಳಿದಿರಲಿಲ್ಲ.

"ಗೊತ್ತಿದ್ದೂ ಬೈದ್ರಾ?" ಎಂದೆ.

ಅತ್ತೆ ಎಡೆಯನ್ನೇ ನೋಡುತ್ತ ಹೇಳಿದರು. "ಆ ಸೊಪ್ಪ ಅವನ್ ಬಾಯ್ಗೆ ಮೊದ್ಲು ಮಡಗ್ದೋರು ಯಾರಮ್ಮಿ? ಯೇಳು. ಅಲ್ಲು ನೋವು ಅಂತ ಅಳ್ತಿತ್ತು ಕೂಸು. ಯಾರ್ ಮಡಗ್ದೋರು?"

ಆ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೆ. ನಗುತ್ತ ಹೇಳುತ್ತಿದ್ದ ಕಥೆ ಅದು.

"ಸುಣ್ಣ ಅಂದ್ರೆ ನಿನ್ ಮ್ಯಾಲೆ ಓಯ್ತಿತ್ತು," ಎಂದರು. "ಸೊಪ್ಪು ಅಂದಿದ್ರೆ ನಾನ್ ಎಲ್ಗೆ ಓಗ್ಲಿ?"

ನಾನು ಕಾದ ಮಾತು ಬಂದಿತ್ತು. ಇವರೇ ಹೇಳಿದ್ದರು, ನನ್ನ ಹೆಸರು ಹಿಡಿದು ಹೇಳಿದ್ದರು. ನಾನು ಅವರನ್ನು ಹೆದರುಪುಕ್ಕಲ ಎಂದುಕೊಂಡೇ ಸುಡುಗಾಡಿಗೆ ಕಳಿಸಿದ್ದೆ. ಮುದುಕಿಯ ಮೇಲೆ ಸಿಟ್ಟು ಬರಬೇಕಿತ್ತು. ಹುಡುಕಿದೆ, ಇರಲಿಲ್ಲ. ಗಂಡನಿಗಾಗಿ ಅಳಬೇಕಿತ್ತು. ಅದೂ ಇರಲಿಲ್ಲ. ಕೈಯಲ್ಲಿ ಒಣಗುತ್ತಿದ್ದ ಸುಣ್ಣ ಚರ್ಮವನ್ನು ಬಿಗಿಯುತ್ತಿತ್ತು, ಅಷ್ಟೇ ಗೊತ್ತಾಗುತ್ತಿತ್ತು.

ಅತ್ತೆಯ ಕೈ ಸೊಂಟಕ್ಕೆ ಹೋಯಿತು. ಅವರೇ ಬೇಕೆಂದು ಒಯ್ದರೋ, ಕೈ ತಾನಾಗಿಯೇ ಹೋಯಿತೋ. ಸಂಚಿ ಬಿಚ್ಚಿ, ಸೊಪ್ಪು ಮುರಿದು, ಅಂಗೈಗೆ ಹಾಕಿಕೊಂಡರು.

"ವಸಿ ಸುಣ್ಣ ಕೊಡಮ್ಮಿ," ಎಂದರು.

ಕೊಡಬಾರದು ಎಂದುಕೊಂಡೆ. ಎಡೆಯ ಮುಂದಿನ ಡಬ್ಬಿಯನ್ನು ತೆಗೆದು, ಮುಚ್ಚಳ ಬಿಚ್ಚಿ, ಹಿಡಿದೆ. ತಿಪ್ಪೆಗೆ ಸುರಿದ ಬೆರಳುಗಳಿಂದಲೇ ಅವರು ಒಂದು ಉಗುರಿನಷ್ಟು ತೆಗೆದುಕೊಂಡರು. ಉಜ್ಜಿದರು. ಎಡಗೆನ್ನೆಗೆ ಸೇರಿಸಿದರು.

"ಚೆನ್ನಾಗದೆ ಸುಣ್ಣ," ಎಂದರು.

ಹೊರಗಿನಿಂದ ಅಣ್ಣ ಕೂಗಿ ಕೇಳಿದ, ಎಡೆ ಆಯಿತಾ ಎಂದು. ಡಬ್ಬಿಯನ್ನು ಇದ್ದ ಜಾಗದಲ್ಲೇ ಇಟ್ಟು, ಆಯಿತು, ಎಲ್ಲರೂ ಬನ್ನಿ ಎಂದೆ.